ಪಡಿ ಅಳೆಯುವ ಕೈ ಯಾರದು?

(ಮಂಡಳದ ವಾರ್ಷಿಕೋತ್ಸವದಲ್ಲಿ ಆಡಿದ ಮಾತಿನ ಬರಹರೂಪ. ಆಡುಮಾತನ್ನು ಅಲ್ಲಲ್ಲಿ ಹಾಗೇ ಉಳಿಸಿಕೊಂಡಿದೆ.)





ಈ ಜಿಲ್ಲೆಯ ಸರಕಾರಿ ದವಾಖಾನೆಗಳಲ್ಲಿ ಮೂವತ್ತು ವರ್ಷ ಸಿಸ್ಟರ್ ಆಗಿ ದುಡಿದು ನಿವೃತ್ತಿ ಆದಾಕಿ ನಾನು. ಮೈಕ್ ಹಿಡಿಯೋದಕ್ಕಿಂತ ಸಲೈನ್ ಹಚ್ಚೋದು ನನಗ ಸಲೀಸು. "ಅಕ್ಕಾ, ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳ್ರಿ" ಅಂತ ನಿಮ್ಮ ಕಾರ್ಯದರ್ಶಿ ಮನೆಗೆ ಬಂದು ಕರೆದ. ಕೈ ತೊಳಕೊಳ್ರಿ, ಗುಟ್ಕಾ ಬಿಡ್ರಿ ಅಂತ ಹೇಳಿ ಇಳಿದುಬಿಡಬಹುದಿತ್ತು. ಗುಟ್ಕಾ ಬಿಡ್ರಿ, ಆ ಮಾತು ಇದ್ದೇ ಅದ. ಆದರೆ ಇವತ್ತು ನಾನು ಬೇರೆ ವಿಷಯ ಎತ್ತಿಕೊಂಡಿದ್ದೇನೆ. ಔಷಧ, ಬೆಡ್ಡು, ಆಪರೇಶನ್ನು ಎಲ್ಲರಿಗೂ ಸಾಲದೆ ಹೋದಾಗ ಯಾರಿಗೆ ಮೊದಲು, ಯಾರಿಗೆ ಆಮೇಲೆ, ಯಾರಿಗೆ ಇಲ್ಲವೇ ಇಲ್ಲ ಅಂತ ಗೊತ್ತು ಮಾಡುವವರು ಯಾರು? ಯಾವ ಲೆಕ್ಕದ ಮೇಲೆ?

ರೇಶನ್ ಅಂಗಡಿ ನಿಮಗೆಲ್ಲ ಗೊತ್ತು. ಅಲ್ಲಿ ತಕ್ಕಡಿ ಕಣ್ಣ ಮುಂದೆ ಇರುತ್ತದೆ. ಕಾರ್ಡಿಗೆ ಇಷ್ಟು ಕಿಲೋ ಅಂತ ಹಲಗೆ ಮೇಲೆ ಬರೆದಿರುತ್ತದೆ. ತೂಕದಾಗ ಹೊಡೆದರ ನಮ್ಮ ಅವ್ವಂದಿರು ಅಲ್ಲೇ ಸೆರಗು ಕಟ್ಟಿ ಜಗಳಕ್ಕೆ ನಿಲ್ಲತಾರ. ದವಾಖಾನೆಯಲ್ಲೂ ದಿನಾ ಪಡಿ ಅಳೆಯುತ್ತಾರೆ. ಮೂವತ್ತು ಕಾಟಿನ ವಾರ್ಡಿಗೆ ಐವತ್ತು ಮಂದಿ ಬಂದರೆ ಇಪ್ಪತ್ತು ಮಂದಿ ನೆಲದ ಮೇಲೆ. ಅತಿದಕ್ಷತಾ ವಿಭಾಗದಲ್ಲಿ ಒಂದೇ ಬೆಡ್ಡು ಖಾಲಿ, ಹೊರಗೆ ಮೂರು ಸ್ಟ್ರೆಚರು. ಅಲ್ಲಿಯೂ ಯಾರೋ ಅಳೆದೇ ಅಳೆಯುತ್ತಾರೆ. ತಕ್ಕಡಿ ಮಾತ್ರ ನಮಗೆ ಕಾಣುವುದಿಲ್ಲ. ಕಾಣದ್ದರಿಂದ ಜಗಳ ಯಾರ ಮೇಲೆ ತೆಗೀಬೇಕು ತಿಳಿಯದೆ, ಎದುರಿಗೆ ಸಿಕ್ಕ ಸಿಸ್ಟರಿಗೋ ವಾರ್ಡ್ ಬಾಯಿಗೋ ಬೈದು ಬರುತ್ತೇವೆ.

"ಎಲ್ಲಾರಿಗೂ ಎಲ್ಲಾ ಪುಕ್ಕಟೆ ಕೊಡ್ತೀವಿ" ಅಂತ ಚುನಾವಣೆಗೆ ಬಂದವರು ಹೇಳುತ್ತಾರೆ. ನಂಬಬೇಡಿ. ಯಾವ ದೇಶದಲ್ಲೂ ಎಲ್ಲರಿಗೂ ಎಲ್ಲವೂ ಸಿಗುವಷ್ಟು ದವಾಖಾನೆ ಇಲ್ಲ. ಖಾಸಗಿ ದವಾಖಾನೆಯಲ್ಲಿ ಪಾಳಿ ಇಲ್ಲ ಅಂತ ಅನಿಸುತ್ತದೆ, ಯಾಕಂದರೆ ಅಲ್ಲಿ ಕಿಸೆ ಖಾಲಿ ಇದ್ದವನು ಬಾಗಿಲಿಗೇ ಬಂದಿರುವುದಿಲ್ಲ. ಅವನ ಪಡಿಯನ್ನು ಮನೆಯಲ್ಲೇ ಕಡಿದಾಗಿರುತ್ತದೆ. ಸರಕಾರಿಯಲ್ಲಿ ಹೊತ್ತು ಅಳೆಯುತ್ತದೆ, ಖಾಸಗಿಯಲ್ಲಿ ರೊಕ್ಕ ಅಳೆಯುತ್ತದೆ, ವಿಮಾ ಯೋಜನೆಯಲ್ಲಿ ಕಾಗದ ಅಳೆಯುತ್ತದೆ. ಯಾವ ಅಳತೆ ನ್ಯಾಯ ಎಂಬುದನ್ನು ನಾವು ಕೇಳಬೇಕು.

ನಮ್ಮ ಜನರಿಗೆ ಅಳತೆಯ ಇತಿಹಾಸ ಹೊಸದಲ್ಲ. ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ ಕಾಠಿಯಾವಾಡದ ಒಬ್ಬ ಶಿಕ್ಷಕರ ಕತೆ ಹೇಳಿದ್ದಾರೆ. ಆ ಶಿಕ್ಷಕರು ನಮ್ಮಂಥವರೇ. ಅವರು ಬರೆದ ಪತ್ರ 1929ರ ಡಿಸೆಂಬರ 12ರ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾಗಿತ್ತು. ಹೆಂಡತಿ ಹಡೆದು ಎರಡು ದಿನಕ್ಕೆ ಕಾಯಿಲೆ ಬಿದ್ದಳು. ಡಾಕ್ಟರ್ ಕೇರಿಯೊಳಗೆ ಬರಲು ಒಪ್ಪಲಿಲ್ಲ. ಊರಿನ ದೊಡ್ಡವರ ಕೈಕಾಲು ಹಿಡಿದು, ಎರಡು ರೂಪಾಯಿ ಫೀ ಕೊಟ್ಟು, ಹಸಿ ಬಾಣಂತಿಯನ್ನು ಕೇರಿಯ ಹೊರಗೆ ತಂದು ಕೂಡಿಸಿದರು. ಡಾಕ್ಟರ್ ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ, ಅವನು ಗಂಡನ ಕೈಗೆ, ಗಂಡ ಹೆಂಡತಿಗೆ. ವಾಪಸ್ ಹೋಗುವಾಗಲೂ ಹಾಗೇ. ಮುಟ್ಟದೆ, ಎದೆಗೆ ಕೊಳವೆ ಇಡದೆ, ನ್ಯುಮೋನಿಯಾ ಅಂದ. ಆಮೇಲೆ ಕರೆದರೆ ಬರಲಿಲ್ಲ. ಆಕೆ ಸತ್ತಳು.

ಈ ಕತೆಯನ್ನು ಅಸ್ಪೃಶ್ಯತೆಯ ಕತೆ ಅಂತ ಓದುತ್ತೇವೆ, ಸರಿ. ನಾನು ಸಿಸ್ಟರ್ ಆಗಿ ಓದಿದಾಗ ಇನ್ನೊಂದು ಕಾಣುತ್ತದೆ. ಆ ಊರಿನಲ್ಲಿ ಡಾಕ್ಟರ್ ಇದ್ದ, ಥರ್ಮಾಮೀಟರ್ ಇತ್ತು, ಔಷಧ ಇತ್ತು, ಫೀ ಕೂಡ ಕೊಟ್ಟಾಗಿತ್ತು. ಕೊರತೆ ಯಾವುದಕ್ಕೂ ಇರಲಿಲ್ಲ. ಆದರೂ ಆಕೆಯ ಪಾಲಿಗೆ ಬಂದದ್ದು ದೂರದಿಂದ ಹೇಳಿದ ಒಂದು ಹೆಸರು ಮಾತ್ರ. ಹಾಗಾಗಿ "ಸಾಮಾನು ಕಡಿಮಿ ಅದ, ಅದಕ್ಕ ನಿಮಗ ಸಿಗಲಿಲ್ಲ" ಅಂತ ಯಾರಾದರೂ ಅಂದರೆ ಮೊದಲು ಸಾಮಾನು ಖರೇನ ಕಡಿಮಿ ಇತ್ತೋ ಇಲ್ಲೋ ನೋಡಬೇಕು.

ಇದೇ ಮಹಾರಾಷ್ಟ್ರದ ನೆಲದಲ್ಲಿ ಉಲ್ಟಾ ನಡೆದದ್ದೂ ಇದೆ. 1897ರಲ್ಲಿ ಪುಣೆಯ ಸುತ್ತ ಪ್ಲೇಗು ಹಬ್ಬಿದಾಗ ಸಾವಿತ್ರಿಬಾಯಿ ಫುಲೆಯವರು ಮಗ ಡಾಕ್ಟರ್ ಯಶವಂತರ ಜೊತೆ ಹಡಪಸರದ ಹತ್ತಿರ ದವಾಖಾನೆ ನಡೆಸಿದರು. ನಮ್ಮ ಕೇರಿಯ ಕೂಸನ್ನು ಹೊತ್ತು ತಂದದ್ದರಿಂದ ಅವರಿಗೂ ಪ್ಲೇಗು ತಗಲಿತು. ಮಾರ್ಚ್ 10ಕ್ಕೆ ತೀರಿಕೊಂಡರು. ಅವರ ಗಂಡನ ಹೆಸರಿನ ಯೋಜನೆಯ ಮಾತಿಗೆ ಆಮೇಲೆ ಬರುತ್ತೇನೆ.

ಅದಕ್ಕೂ ಮೊದಲು ಅಮೆರಿಕಾದ ಒಂದು ಕತೆ. ದೂರದ್ದು, ಆದರೆ ಡಯಾಲಿಸಿಸ್ ಅಂದರೆ ಏನು ಅಂತ ಈಗ ನಮ್ಮ ಓಣಿಗೂ ಗೊತ್ತಾಗಿದೆ, ಅದಕ್ಕೇ ಹೇಳುತ್ತೇನೆ. 1960ರ ಸುಮಾರಿಗೆ ಸಿಯಾಟಲ್ ಊರಿನಲ್ಲಿ, ಕಿಡ್ನಿ ಪೂರ್ತಿ ಹೋದವರನ್ನೂ ವರ್ಷಗಟ್ಟಲೆ ಬದುಕಿಸುವ ದಾರಿ ಸಿಕ್ಕಿತು. ಮಷೀನು ಬೆರಳೆಣಿಕೆಯಷ್ಟು, ರೋಗಿಗಳು ಬಹಳ. ಡಾಕ್ಟರುಗಳು ಮೊದಲು ವೈದ್ಯಕೀಯವಾಗಿ ಸೋಸಿದರು. ಉಳಿದವರಲ್ಲಿ ಯಾರಿಗೆ ಮಷೀನು ಅಂತ ಆರಿಸಲು ಊರಿನ ಏಳು ಮಂದಿಯ ಒಂದು ಸಮಿತಿ ಮಾಡಿದರು. ಹೆಸರು ಗುಟ್ಟಾಗಿಟ್ಟರು. ಒಬ್ಬ ಪಾದ್ರಿ, ಒಬ್ಬ ವಕೀಲ, ಒಬ್ಬ ಬ್ಯಾಂಕಿನವ, ಒಬ್ಬ ಗೃಹಿಣಿ, ಒಬ್ಬ ಕಾರ್ಮಿಕ ಮುಖಂಡ, ಹೀಗೆ. ಅವರು ಏನೇನು ನೋಡಿದರು? ಲಗ್ನ ಆಗಿದೆಯೇ, ಮಕ್ಕಳೆಷ್ಟು, ಗಳಿಕೆ ಎಷ್ಟು, ಓದು ಎಷ್ಟು, ಚರ್ಚಿಗೆ ಹೋಗುತ್ತಾನೆಯೇ. 1962ರಲ್ಲಿ 'ಲೈಫ್' ಪತ್ರಿಕೆ ಇದನ್ನು ಬರೆದಾಗ ದೇಶವೇ ಬೆಚ್ಚಿತು.

ಆ ಏಳು ಮಂದಿ ಕೆಟ್ಟವರೇನಲ್ಲ. ನಿದ್ದೆಗೆಟ್ಟು ಯೋಚಿಸಿದವರೇ ಇರಬೇಕು. ಆದರೆ ತಮ್ಮ ಹಾಗೆ ಬದುಕುವವರೇ ಅವರ ಕಣ್ಣಿಗೆ ಬದುಕಲು ಯೋಗ್ಯರಾಗಿ ಕಂಡರು. ಊರ ಪಂಚರು ಕಟ್ಟೆಯ ಮೇಲೆ ಕೂತು ನ್ಯಾಯ ಹೇಳಿದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಡೆಗೆ 1972ರಲ್ಲಿ ಅಮೆರಿಕಾದ ಸಂಸತ್ತು ಕಾನೂನು ಮಾಡಿ, ಕಿಡ್ನಿ ಪೂರ್ತಿ ಹೋದ ಬಹುತೇಕ ಎಲ್ಲರ ಡಯಾಲಿಸಿಸ್ ಖರ್ಚನ್ನು ಸರಕಾರದ ವಿಮೆಗೆ ಸೇರಿಸಿತು. ಸಮಿತಿಯ ಕೆಲಸ ಮುಗಿಯಿತು. ನಿನ್ನೆಯವರೆಗೆ "ಇಲ್ಲ" ಅನ್ನುತ್ತಿದ್ದ ಮಷೀನುಗಳು ರೊಕ್ಕ ಬಂದ ಮೇಲೆ ಬಂದವು.

ಈಗ ನಮ್ಮ ಕಾರ್ಡಿಗೆ ಬರೋಣ.

1999ರಿಂದ ಈ ರಾಜ್ಯದಲ್ಲಿ ರೇಶನ್ ಕಾರ್ಡು ಮೂರು ಬಣ್ಣ: ಹಳದಿ, ಕೇಸರಿ, ಬಿಳಿ. ಜ್ವಾಳ, ಗೋಧಿ, ಅಕ್ಕಿಗೆ ಅಂತ ಮಾಡಿದ ಬಣ್ಣ. 2012ರ ಜುಲೈದಲ್ಲಿ ರಾಜೀವ ಗಾಂಧಿ ಜೀವನದಾಯಿ ಯೋಜನೆ ಎಂಟು ಜಿಲ್ಲೆಗಳಲ್ಲಿ ಶುರುವಾಯಿತು, ಅದರಲ್ಲಿ ನಮ್ಮ ಸೋಲಾಪುರವೂ ಒಂದು. ಹಳದಿ, ಕೇಸರಿ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷದವರೆಗೆ, 972 ಥರದ ಚಿಕಿತ್ಸೆಗೆ. ಅಂದಿನಿಂದ ಅನ್ನದ ಬಣ್ಣವೇ ಆಪರೇಶನ್ನಿನ ಬಣ್ಣವೂ ಆಯಿತು. ಮುಂದೆ ಅದಕ್ಕೆ ಮಹಾತ್ಮಾ ಜ್ಯೋತಿರಾವ್ ಫುಲೆಯವರ ಹೆಸರು ಬಂತು.

ಈ ಯೋಜನೆಯನ್ನು ಬೈಯಲು ನಾನು ನಿಂತಿಲ್ಲ. ಹೃದಯದ ಆಪರೇಶನ್ ಅಂದರೆ ಹೊಲ ಮಾರಬೇಕು, ಹೊಲ ಇಲ್ಲದವರು ಮನುಷ್ಯನನ್ನೇ ಬಿಟ್ಟುಕೊಡಬೇಕು ಅನ್ನುವ ಕಾಲವನ್ನು ನೋಡಿದಾಕಿ ನಾನು. ಕಾರ್ಡ್ ತೋರಿಸಿ ಕೂಲಿಕಾರನ ಹೆಂಡತಿ ಎದೆ ಹೊಲಿಸಿಕೊಂಡು ನಡೆದು ಮನೆಗೆ ಹೋದದ್ದನ್ನೂ ಕಣ್ಣಾರೆ ನೋಡೇನಿ. ಅದು ಸಣ್ಣ ಮಾತಲ್ಲ.

2018ರಲ್ಲಿ ಕೇಂದ್ರದ ಆಯುಷ್ಮಾನ್ ಭಾರತ ಬಂತು, ಕುಟುಂಬಕ್ಕೆ 5 ಲಕ್ಷ. ಅದರ ಪಟ್ಟಿ 2011ರ ಸಾಮಾಜಿಕ ಆರ್ಥಿಕ ಗಣತಿಯದು. ಹಳ್ಳಿಯಲ್ಲಿ ಪರಿಶಿಷ್ಟ ಜಾತಿಯ ಕುಟುಂಬ ಅಂದರೆ ಅರ್ಹತೆಯ ಒಂದು ಗುರುತು. ಆದರೆ ಆ ಗಣತಿಯಲ್ಲಿ ಮೊದಲೇ ಹೊರಗಿಡುವ ಗುರುತುಗಳೂ ಇದ್ದವು. ಮನೆಯಲ್ಲಿ ಮೋಟರ್ ಸೈಕಲ್ ಇದ್ದರೆ ಹೊರಗೆ. ಫ್ರಿಜ್ ಇದ್ದರೆ ಹೊರಗೆ. ಸಕ್ಕರಿ ಬ್ಯಾನಿಯವರ ಇನ್ಸುಲಿನ್ ಇಡಾಕ ಹಳೇ ಫ್ರಿಜ್ ತಂದವನಿಗೂ ಗಣತಿಯ ಕಾಗದದ ಮೇಲೆ ಅದು ಶ್ರೀಮಂತಿಕೆಯೇ. ಅಂದು ಲಗ್ನಕ್ಕೆ ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡ ಮನೆಯ ಹೆಸರು ಏಳು ವರ್ಷದ ಮೇಲೆ ಪಟ್ಟಿಯಲ್ಲಿ ಇಲ್ಲ. ಒಂದೇ ಗೋಡೆಯ ಎರಡು ಮನೆ, ಒಂದಕ್ಕೆ 5 ಲಕ್ಷ, ಇನ್ನೊಂದಕ್ಕೆ ಒಂದೂವರೆ. ಇದನ್ನು ನಿಮ್ಮಲ್ಲಿ ಕೆಲವರು ಅನುಭವಿಸಿದ್ದೀರಿ.

ಆಮೇಲೆ 2023ರಲ್ಲಿ ರಾಜ್ಯ ಸರಕಾರ ಆದೇಶ ಮಾಡಿ, 2024ರ ಜುಲೈದಿಂದ ಬಣ್ಣ ನೋಡದೆ ಎಲ್ಲ ರೇಶನ್ ಕಾರ್ಡಿನವರಿಗೂ 5 ಲಕ್ಷ ಅಂತ ಮಾಡಿತು. ಚಿಕಿತ್ಸೆಗಳ ಸಂಖ್ಯೆ 1,356ಕ್ಕೆ ಏರಿತು. ಕಿಡ್ನಿ ಕಸಿಗೆ ಎರಡೂವರೆ ಲಕ್ಷ ಇದ್ದದ್ದು ನಾಲ್ಕೂವರೆ ಲಕ್ಷ ಆಯಿತು. "ಮುಗೀತಲ್ಲ ಅಕ್ಕಾ, ಈಗ ಎಲ್ಲಾರಿಗೂ ಅದ, ಇನ್ನ ಯಾವ ಪಡಿ?" ಅಂತ ಕೇಳಬಹುದು.

ಪಡಿ ಎಲ್ಲಿಯೂ ಹೋಗಿಲ್ಲ, ಜಾಗ ಬದಲಿಸಿದೆ. ಮೊದಲು ಕಾರ್ಡಿನ ಬಣ್ಣದಲ್ಲಿ ಕೂತಿತ್ತು. ಈಗ ಪಟ್ಟಿಯಲ್ಲಿ ಕೂತಿದೆ: ನಿಮ್ಮ ಬ್ಯಾನಿ ಅದರೊಳಗೆ ಇದೆಯೇ, ನೀವು ಹೋದ ದವಾಖಾನೆ ಯೋಜನೆಯೊಳಗೆ ಇದೆಯೇ, ಇದ್ದರೂ ಆ ವಿಭಾಗ ಇದೆಯೇ. ಮಂಜೂರಿ ಕೊಡುವವರು ನಿಮ್ಮ ಮುಖ ನೋಡಿರುವುದಿಲ್ಲ, ಕಂಪ್ಯೂಟರಿನಲ್ಲಿ ಕಾಗದ ನೋಡಿರುತ್ತಾರೆ. ಆಧಾರದಲ್ಲಿ ಒಂದು ಹೆಸರು, ರೇಶನ್ ಕಾರ್ಡಿನಲ್ಲಿ ಒಂದು ಹೆಸರು, ಅಡ್ಡಹೆಸರು ಮರಾಠಿಯಲ್ಲಿ ಬರೆದವನಿಗೆ ತಿಳಿದ ಹಾಗೆ. ಕನ್ನಡದ ನಮ್ಮ ಹೆಸರುಗಳು ಮರಾಠಿ ಗುಮಾಸ್ತನ ಕೈಯಲ್ಲಿ ಏನೇನಾಗುತ್ತವೆ ಅಂತ ನಿಮಗೆ ಹೇಳಬೇಕೇ? ಆ ಒಂದು ಅಕ್ಷರಕ್ಕೆ ಎರಡು ದಿನ ಹೋಗುತ್ತವೆ. ಖಾಸಗಿ ದವಾಖಾನೆಗೆ ಯೋಜನೆಯ ಪ್ಯಾಕೇಜ್ ದರ ಕಡಿಮೆ ಅನಿಸಿದರೆ ಅದು "ಆಗೂದಿಲ್ಲ" ಅಂತ ಬಾಯಿಬಿಟ್ಟು ಹೇಳುವುದಿಲ್ಲ. "ಬೆಡ್ ಇಲ್ಲ" ಅನ್ನುತ್ತದೆ. ಎಲ್ಲ ದವಾಖಾನೆಗಳೂ ಹೀಗೆ ಅಂತ ನಾನು ಹೇಳುವುದಿಲ್ಲ. ಬೆಡ್ಡು ಖರೇ ಇಲ್ಲದೆ ಇರುವುದೂ ಉಂಟು. ಹೊರಗೆ ನಿಂತವನಿಗೆ ಎರಡರ ವ್ಯತ್ಯಾಸ ತಿಳಿಯದು, ಅದೇ ತೊಂದರೆ.

ಇನ್ನೂ ದೊಡ್ಡ ಪಡಿ ಬೇರೆ ಇದೆ. ಈ ವಿಮಾ ಯೋಜನೆಗಳು ದವಾಖಾನೆಯಲ್ಲಿ ಭರ್ತಿ ಆದವರಿಗೆ. ಬಿಟ್ಟ ಮೇಲೆ ಕೆಲವು ದಿನದ ಗುಳಿಗಿ ಕೊಡುತ್ತಾರೆ, ಅಷ್ಟೇ. ನಮ್ಮ ಓಣಿಯಲ್ಲಿ ಮಂದಿ ಸಾಯುತ್ತಿರುವುದು ಯಾವುದರಿಂದ? ಬಿಪಿ, ಶುಗರ್, ಕ್ಷಯ, ಬಾಣಂತಿಯ ರಕ್ತ ಕಡಿಮೆ. ಇವಕ್ಕೆಲ್ಲ ತಿಂಗಳಾ ತಿಂಗಳಾ ಗುಳಿಗಿ ಬೇಕು, ತಪಾಸಣೆ ಬೇಕು. ಕ್ಷಯದ ಔಷಧವನ್ನು ಸರಕಾರ ಬೇರೆ ಕಾರ್ಯಕ್ರಮದಲ್ಲಿ ಪುಕ್ಕಟೆ ಕೊಡುತ್ತದೆ, ಸರಿ. ಬಿಪಿ, ಶುಗರಿನ ಗುಳಿಗಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇರಬೇಕು. ಇದ್ದ ತಿಂಗಳು ಇದೆ, ಇಲ್ಲದ ತಿಂಗಳು "ಹೊರಗಿಂದ ತಗೋರಿ." ಕಬ್ಬು ಕಡಿಯಲು ಹೋದವನು ಒಂದು ತಿಂಗಳು ತಗೋತಾನ, ಎರಡು ತಿಂಗಳು ಬಿಡತಾನ. ಶುಗರ್ ಒಳಗೊಳಗೇ ಕಿಡ್ನಿ ತಿನ್ನುತ್ತದೆ. ಹತ್ತು ವರ್ಷದ ಮೇಲೆ ಅವನು ಡಯಾಲಿಸಿಸ್ಸಿಗೆ ಬಂದಾಗ ಯೋಜನೆ ಕೈ ಚಾಚುತ್ತದೆ, ಆ ಚಿಕಿತ್ಸೆ ಪಟ್ಟಿಯಲ್ಲಿ ಇದೆ. ಗುಳಿಗಿಗೆ ಇಲ್ಲದ ರೊಕ್ಕ ಮಷೀನಿಗೆ ಇದೆ. ವಾರಕ್ಕೆ ಎರಡು ಮೂರು ಸಲ ಅಕ್ಕಲಕೋಟೆಯಿಂದ ಸೋಲಾಪುರಕ್ಕೆ ಹೋಗುತ್ತಾ ಬರುತ್ತಾ ಹತ್ತಿರ ಹತ್ತಿರ 80 ಕಿಲೋಮೀಟರು. ಜೊತೆಗೆ ಹೋದವರ ಕೂಲಿಯೂ ಹೋಯಿತು. ಬಸ್ಸಿನ ರೊಕ್ಕ, ಚಹಾ, ಭಾಕರಿ ಯಾವ ಪ್ಯಾಕೇಜಿನಲ್ಲೂ ಇಲ್ಲ. ವಾರಕ್ಕೆ ಮೂರು ಅಂದದ್ದು ಎರಡಾಗುತ್ತದೆ, ಎರಡು ಒಂದಾಗುತ್ತದೆ. ಕಾರ್ಡ್ ಕಿಸೆಯಲ್ಲೇ ಇರುತ್ತದೆ.

ದೇಶದ ಲೆಕ್ಕ ನೋಡಿದರೂ ಇದೇ. 2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ಆರೋಗ್ಯಕ್ಕೆ ಖರ್ಚಾದ ಪ್ರತಿ 100 ರೂಪಾಯಿಯಲ್ಲಿ 39 ರೂಪಾಯಿ ಜನ ತಮ್ಮ ಕಿಸೆಯಿಂದ ಕೊಟ್ಟದ್ದು. ಮೊದಲಿಗಿಂತ ಕಡಿಮೆಯಾಗಿದೆ, ಒಪ್ಪುತ್ತೇನೆ. ಕೂಲಿಯವನ 39 ರೂಪಾಯಿ ಸಾಹುಕಾರನ 39 ರೂಪಾಯಿಯಂತಲ್ಲ, ಅಷ್ಟೇ.

ಒಬ್ಬ ಹುಡುಗ ನನ್ನನ್ನು ಕೇಳಿದ, "ಅಕ್ಕಾ, ಒಬ್ಬನ ಕಿಡ್ನಿ ಕಸಿಗೆ ನಾಲ್ಕೂವರೆ ಲಕ್ಷ ಕೊಡೂದು ಚಲೋನೋ, ಅದೇ ರೊಕ್ಕದಾಗ ನೂರಾರು ಮಂದಿಗೆ ವರ್ಷಪೂರ್ತಿ ಗುಳಿಗಿ ಕೊಡೂದು ಚಲೋನೋ?" ಬಲು ಬಿರುಸಿನ ಪ್ರಶ್ನೆ. ನನ್ನ ಉತ್ತರ ಎರಡು ಜಾಗಕ್ಕೆ ಎರಡು. ವಾರ್ಡಿನಲ್ಲಿ ನಿಂತ ಡಾಕ್ಟರ್, ಸಿಸ್ಟರ್ ಈ ಲೆಕ್ಕ ಹಾಕಲೇಬಾರದು. ಅವರ ಮುಂದೆ ಇರುವ ಜೀವವೇ ಅವರ ಲೆಕ್ಕ, ಬ್ಯಾನಿ ಯಾರಿಗೆ ಹೆಚ್ಚೋ ಅವರು ಮೊದಲು. ಆದರೆ ಮುಂಬಯಿಯಲ್ಲಿ ಕೂತು ಬಜೆಟ್ ಬರೆಯುವವರು ಈ ಲೆಕ್ಕ ಹಾಕಲೇಬೇಕು, ಹಾಕಿದರೆ ಮೊದಲು ತುಂಬಬೇಕಾದದ್ದು ಆರೋಗ್ಯ ಕೇಂದ್ರದ ಗುಳಿಗಿಯ ಕಪಾಟು. ನಮ್ಮಲ್ಲಿ ಇದು ತಿರುಗುಮುರುಗು ಆಗಿದೆ. ದೊಡ್ಡ ಆಪರೇಶನ್ ಮಾಡಿಸಿದರೆ ಪೇಪರಿನಲ್ಲಿ ಫೋಟೋ ಬರುತ್ತದೆ, ಬಿಪಿ ಗುಳಿಗಿ ಕೊಟ್ಟರೆ ಬರುವುದಿಲ್ಲ.

ಈಗ ನಿಮಗೆ ಹಿಡಿಸದ ಒಂದು ಮಾತು. ಸಿಟ್ಟಾಗಬೇಡ್ರಿ.

ನಮ್ಮ ತರುಣರು ಹೆಮ್ಮೆಯಿಂದ ಹೇಳುವ ಒಂದು ಕೆಲಸವಿದೆ. ಯಾರಿಗಾದರೂ ಬ್ಯಾನಿ ಬಂದರೆ ಮುಖಂಡರಿಗೆ ಫೋನ್, ಮುಖಂಡರಿಂದ ಆಮದಾರರಿಗೆ, ಅಲ್ಲಿಂದ ದವಾಖಾನೆಗೆ. ಬೆಡ್ ಸಿಗುತ್ತದೆ. ನಿಮ್ಮ ಮನಸ್ಸು ದೊಡ್ಡದು, ರಾತ್ರಿ ಎರಡಕ್ಕೆ ಎದ್ದು ಓಡುತ್ತೀರಿ, ಅದನ್ನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಒಳಗೆ ನಿಂತವಳು ನಾನು. ಫೋನ್ ಬಂದ ಕೂಡಲೇ ಹೊಸ ಬೆಡ್ಡು ಹುಟ್ಟುವುದಿಲ್ಲ. ಪಾಳಿಯಲ್ಲಿ ಮುಂದೆ ಇದ್ದವರು ಒಬ್ಬರು ಹಿಂದೆ ಸರಿಯುತ್ತಾರೆ. ಸರಿದವರು ಯಾರು? ಫೋನ್ ಮಾಡಿಸಲು ಯಾರೂ ಇಲ್ಲದವರು. ದುಧನಿ ಕಡೆಯಿಂದ ಬಂದ ಮುದುಕಿ, ಮರಾಠಿ ಬಾರದವಳು, ಜೊತೆಗೆ ಮೊಮ್ಮಗ ಒಬ್ಬನೇ. ಅವಳೂ ನಮ್ಮವಳೇ ಇರುತ್ತಾಳೆ ಎಷ್ಟೋ ಸಲ. ವಶೀಲಿಯ ಪಾಳಿಯಲ್ಲಿ ನಾವು ಯಾವತ್ತೂ ಕೊನೆಗೇ ನಿಲ್ಲುವವರು, ಯಾಕಂದರೆ ನಮಗಿಂತ ದೊಡ್ಡ ವಶೀಲಿ ಇದ್ದವರು ಈ ತಾಲೂಕಿನಲ್ಲಿ ಬಹಳ ಮಂದಿ. ಒಂದು ದಿನ ನಮ್ಮ ಫೋನ್ ನಡೆದೀತು, ಮರುದಿನ ಅವರದು ನಡೆಯುತ್ತದೆ.

2021ರ ಏಪ್ರಿಲ್, ಮೇ ನೆನೆಸಿಕೊಳ್ಳಿ. ಆಕ್ಸಿಜನ್ನಿಗೆ ಹೇಗೆ ಒದ್ದಾಡಿದೆವು. ರೆಮ್‌ಡೆಸಿವಿರ್ ಸೂಜಿಗೆ ಮಂದಿ ಔಷಧ ಅಂಗಡಿ ಮುಂದೆ ರಾತ್ರಿಯೆಲ್ಲ ಪಾಳಿ ಹಚ್ಚಿದರು, ಬಂಗಾರ ಅಡವಿಟ್ಟರು. ಆ ಸೂಜಿಯಿಂದ ಜೀವ ಉಳಿಯುತ್ತದೆ ಅನ್ನಲು ಪುರಾವೆ ಸಾಲದು, ಬಳಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರಿನಲ್ಲೇ ಹೇಳಿತ್ತು. ಅವತ್ತು ನಮ್ಮ ಕಾಲನಿಗಳಿಗೆ ಆ ಸೂಜಿಗಿಂತ ಬೇಕಾದದ್ದು ಬೆರಳಿಗೆ ಹಚ್ಚುವ ಆಕ್ಸಿಮೀಟರು, ಹೊತ್ತಿಗೆ ಸರಿಯಾಗಿ ಒಂದು ಗಾಡಿ. ವಶೀಲಿ ಎಲ್ಲವೂ ಸೂಜಿಯ ಹಿಂದೆ ಓಡಿತು.

ಹಾಗಾದರೆ ಫೋನ್ ಮಾಡಬೇಡ ಅಂತೀಯಾ? ಮನೆಯವರು ಸಾಯುತ್ತಿರುವಾಗ ಯಾರೂ ನನ್ನ ಭಾಷಣ ನೆನೆಸುವುದಿಲ್ಲ, ನೆನೆಸಲೂಬೇಡಿ. ನಾನು ಕೇಳುವುದು ಇಷ್ಟು: ಒಂದು ಬೆಡ್ಡಿಗೆ ಹಾಕುವ ಬಲದ ಅರ್ಧವನ್ನು ಪಾಳಿ ಸರಿ ಮಾಡಲು ಹಾಕಿ. ಅದಕ್ಕೆ ಕಾನೂನಿನ ಆಸರೆ ಇದೆ. 1992ರಲ್ಲಿ ಬಂಗಾಲದ ಒಬ್ಬ ಕೃಷಿಕೂಲಿ ರೈಲಿನಿಂದ ಬಿದ್ದು ತಲೆ ಒಡೆದುಕೊಂಡ. ಒಂದಾದ ಮೇಲೆ ಒಂದು ಸರಕಾರಿ ದವಾಖಾನೆ ಬೆಡ್ ಇಲ್ಲ, ಸೌಲಭ್ಯ ಇಲ್ಲ ಅಂತ ಅವನನ್ನು ತಿರುಗಿಸಿತು. ಕಡೆಗೆ ಖಾಸಗಿಯಲ್ಲಿ ರೊಕ್ಕ ಸುರಿದು ಉಳಿದ. ಅವನ ಕೂಲಿಕಾರರ ಸಂಘ, ನೋಡ್ರಿ ಸಂಘ ಅಂದರೆ ಇದು, ಅವನ ಜೊತೆ ಸುಪ್ರೀಂ ಕೋರ್ಟಿಗೆ ಹೋಯಿತು. 1996ರಲ್ಲಿ ಕೋರ್ಟು ಹೇಳಿತು: ತುರ್ತು ಚಿಕಿತ್ಸೆ ಕೊಡದಿರುವುದು ಸಂವಿಧಾನದ 21ನೇ ಕಲಮಿನ ಜೀವಿಸುವ ಹಕ್ಕಿನ ಉಲ್ಲಂಘನೆ, ರೊಕ್ಕ ಇಲ್ಲ ಅನ್ನುವ ನೆಪ ಸರಕಾರಕ್ಕೆ ನಡೆಯದು. ಅವನಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು. ಆ ಸಂಘ ತನ್ನ ಬಲವನ್ನು ಒಬ್ಬನ ಬೆಡ್ಡಿಗೆ ಖರ್ಚು ಮಾಡಿದ್ದರೆ ಆ ತೀರ್ಪು ಇವತ್ತು ನಮ್ಮ ಕೈಯಲ್ಲಿ ಇರುತ್ತಿರಲಿಲ್ಲ.

ಇನ್ನೊಂದು, ಬಹಳ ಮಂದಿಗೆ ಗೊತ್ತಿಲ್ಲದ್ದು. ಈ ರಾಜ್ಯದಲ್ಲಿ ಟ್ರಸ್ಟ್ ನಡೆಸುವ ದೊಡ್ಡ ದವಾಖಾನೆಗಳಿಗೆ ಧರ್ಮಾದಾಯ ದವಾಖಾನೆ ಅನ್ನುತ್ತಾರೆ. ತೆರಿಗೆ, ಜಾಗ, ನಾನಾ ರಿಯಾಯಿತಿ ಪಡೆದು ಕಟ್ಟಿದವು. ಬಾಂಬೆ ಹೈಕೋರ್ಟಿನ 2006ರ ಆದೇಶದ ಪ್ರಕಾರ ಅವು ನೂರಕ್ಕೆ 10 ಬೆಡ್ಡು ಕಡುಬಡವರಿಗೆ ಪುಕ್ಕಟೆ, ಇನ್ನೂ 10 ಬೆಡ್ಡು ದುರ್ಬಲರಿಗೆ ರಿಯಾಯಿತಿ ದರದಲ್ಲಿ ಇಡಬೇಕು. ಬಿಲ್ಲಿನ ನೂರಕ್ಕೆ 2 ರೂಪಾಯಿ ಬಡ ರೋಗಿಗಳ ನಿಧಿಗೆ ಹೋಗಬೇಕು. ತುರ್ತು ಇದ್ದರೆ ಡಿಪಾಜಿಟ್ ಕೇಳದೆ ಭರ್ತಿ ಮಾಡಿಕೊಳ್ಳಬೇಕು. ವರ್ಷದ ಆದಾಯ 1,80,000ದೊಳಗೆ ಇದ್ದರೆ ಕಡುಬಡವರು, 3,60,000ದೊಳಗೆ ಇದ್ದರೆ ದುರ್ಬಲರು. ತಹಶೀಲದಾರರ ದಾಖಲೆ ಅಥವಾ ರೇಶನ್ ಕಾರ್ಡ್ ಬೇಕು. ಈ ಬೆಡ್ಡುಗಳ ಮೇಲೆ ಕಣ್ಣಿಡಲು ಧರ್ಮಾದಾಯ ಆಯುಕ್ತರ ಕಚೇರಿ ಇದೆ. ಅಲ್ಲಿಗೆ ನಮ್ಮ ಮಂಡಳದಿಂದ ಒಂದು ಅರ್ಜಿಯಾದರೂ ಹೋಗಿದೆಯೇ? ನಮ್ಮ ಜಿಲ್ಲೆಯಲ್ಲಿ ಅಂಥ ದವಾಖಾನೆ ಯಾವುವು, ಅವುಗಳ ಆ 10 ಬೆಡ್ಡಿನಲ್ಲಿ ಇವತ್ತು ಯಾರು ಮಲಗಿದ್ದಾರೆ? ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಫೀ. ಹಳದಿ ಕಾರ್ಡಿನವರಿಗೆ ಅದೂ ಇಲ್ಲ.

ಗಡಿಯ ಮಾತೂ ಆಡಿಬಿಡುತ್ತೇನೆ. 2023ರಲ್ಲಿ ಮಹಾರಾಷ್ಟ್ರ ಸರಕಾರ ಕರ್ನಾಟಕದ ಒಳಗಿರುವ 865 ಹಳ್ಳಿಗಳಿಗೆ ಫುಲೆ ಯೋಜನೆಯನ್ನು ಚಾಚಿದಾಗ ಕರ್ನಾಟಕ ಸರಕಾರ ಕೆಂಡ ಆಯಿತು. ಎರಡೂ ಕಡೆ ನೆಲದ ಮಾತೇ ನಡೆಯಿತು. ನಾವು ಇತ್ತ ಕಡೆಯ ಕನ್ನಡದವರು. ಬ್ಯಾನಿ ಬಂದಾಗ ಕೆಲವರು ಸೋಲಾಪುರಕ್ಕೆ, ಕೆಲವರು ಕಲಬುರಗಿಗೆ, ಜತ್ತ ಕಡೆಯವರು ಮಿರಜಕ್ಕೋ ವಿಜಯಪುರಕ್ಕೋ ಹೋಗುತ್ತಾರೆ. ಮಾತು ತಿಳಿಯುವ ಡಾಕ್ಟರ್ ಎಲ್ಲಿದ್ದಾರೋ ಅಲ್ಲಿಗೆ. ಆಯುಷ್ಮಾನ್ ಕಾರ್ಡು ಯೋಜನೆಯೊಳಗಿನ ದವಾಖಾನೆ ಇದ್ದರೆ ಬೇರೆ ರಾಜ್ಯದಲ್ಲೂ ನಡೆಯಬೇಕು. ರಾಜ್ಯದ ಯೋಜನೆ ಮಾತ್ರ ಅದರ ಸ್ವಂತ ಪಟ್ಟಿಯ ದವಾಖಾನೆಯಲ್ಲೇ. ಹಾಗಾಗಿ ಗಾಡಿ ಹತ್ತುವ ಮೊದಲು 155388ಕ್ಕೆ ಫೋನ್ ಹಚ್ಚಿ, ಇಂಥ ಬ್ಯಾನಿ, ಇಂಥ ದವಾಖಾನೆ, ನಡೀತದೋ ಇಲ್ಲೋ ಅಂತ ಕೇಳಿ. ಆಯುಷ್ಮಾನಿಗೆ 14555. ದವಾಖಾನೆಯ ಬಾಗಿಲಿನಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಮೊದಲು ಅವರ ಬಳಿ ಹೋಗಿ. ಕೈಗೆ ಕೊಟ್ಟ ಒಪ್ಪಿಗೆ ಕಾಗದ ಮರಾಠಿಯಲ್ಲಿದ್ದರೆ ಓದಿಸಿಕೊಳ್ಳದೆ ಹೆಬ್ಬೆಟ್ಟು ಒತ್ತಬೇಡಿ. ನಮ್ಮ ಹುಡುಗ ಹುಡುಗಿಯರು ಎರಡೂ ಭಾಷೆ ಬಲ್ಲವರು. ವಾರಕ್ಕೆ ಒಂದು ದಿನ ಇಬ್ಬರು ಅಲ್ಲಿ ನಿಂತರೆ ಸಾಕು, ಆ ದುಧನಿಯ ಮುದುಕಿಗೆ ಫೋನಿಲ್ಲದೆಯೂ ಪಾಳಿ ಸಿಕ್ಕೀತು.

ಮತ್ತೆ, ಕೂಡುವ ಜಾಗ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ರುಗ್ಣ ಕಲ್ಯಾಣ ಸಮಿತಿ ಇದೆ, ಹಳ್ಳಿಗೆ ಆರೋಗ್ಯ ಸಮಿತಿ ಇದೆ. ವರ್ಷಕ್ಕೆ ಇಷ್ಟು ಅಂತ ನಿಧಿ ಬರುತ್ತದೆ. ಗುಳಿಗಿ ತರಬೇಕೋ, ಗೋಡೆಗೆ ಬಣ್ಣ ಬಳಿಯಬೇಕೋ ಅಂತ ಅಲ್ಲಿ ಗೊತ್ತು ಮಾಡುತ್ತಾರೆ. ಸಿಯಾಟಲ್ಲಿನ ಏಳು ಮಂದಿ ಇದ್ದ ಹಾಗೆ ಇಲ್ಲಿಯೂ ಮಂದಿ ಇದ್ದಾರೆ, ಹೆಸರೂ ಗುಟ್ಟಲ್ಲ. ನಮ್ಮ ಓಣಿಯವರು ಅದರಲ್ಲಿ ಎಷ್ಟು? ಕಾಗದದ ಮೇಲೆ ಒಬ್ಬರು ಇರುತ್ತಾರೆ, ಸಭೆಗೆ ಕರೆದವರಿಲ್ಲ, ಸಹಿ ಮಾತ್ರ ಮನೆಗೆ ಬಂದು ತಗೊಂಡು ಹೋಗತಾರ. ಮುಂದಿನ ಸಭೆ ಎಂದು ಅಂತ ಕೇಳ್ರಿ, ಹೋಗ್ರಿ, ಹೋದ ಮೇಲೆ ಹೋದ ತಿಂಗಳು ಬಿಪಿ ಗುಳಿಗಿ ಎಷ್ಟು ಬಂದವು, ಎಷ್ಟು ದಿನಕ್ಕೆ ತೀರಿದವು ಅಂತ ಅದೊಂದೇ ಕೇಳ್ರಿ. ಹೆಣ್ಣುಮಕ್ಕಳನ್ನು ಕಳಿಸ್ರಿ. ಗುಳಿಗಿ ತೀರಿದ್ದು ಮನೆಯಲ್ಲಿ ಮೊದಲು ತಿಳಿಯುವುದು ಅವರಿಗೇ.

ಸರಕಾರದ ಆರೋಗ್ಯ ಇಲಾಖೆಯ ದವಾಖಾನೆಗಳಲ್ಲಿ 2023ರ ಆಗಸ್ಟ್ 15ರಿಂದ ಕೇಸ್ ಪೇಪರ್, ತಪಾಸಣೆ ಎಲ್ಲ ಪುಕ್ಕಟೆ. ವೈದ್ಯಕೀಯ ಕಾಲೇಜಿನ ದವಾಖಾನೆಗಳು ಬೇರೆ ಇಲಾಖೆಯವು, ಆ ಆದೇಶ ಅವಕ್ಕಲ್ಲ. ಆರೋಗ್ಯ ಕೇಂದ್ರದಲ್ಲಿ ರೊಕ್ಕ ಕೇಳಿದರೆ ರಸೀತಿ ಕೇಳ್ರಿ.

ಮಾತು ಉದ್ದ ಆಯಿತು, ಊಟದ ಹೊತ್ತು ಆಗ್ಯದ. ಬರುವ ರವಿವಾರ ಮುಂಜಾನೆ ಹತ್ತಕ್ಕೆ ಸಮಾಜ ಮಂದಿರದಲ್ಲಿ ನಾನು, ಮಂಡಳದ ನಾಲ್ಕು ಹುಡುಗಿಯರು ಕೂಡುತ್ತೇವೆ. ರೇಶನ್ ಕಾರ್ಡ್, ಆಧಾರ ಎರಡನ್ನೂ ತರ್ರಿ, ಹೆಸರು ಕೂಡತಾವೋ ಇಲ್ಲೋ ನೋಡಿ ತಪ್ಪಿದ್ದನ್ನು ಬರಕೊಳ್ತೀವಿ. ಬಿಪಿ, ಶುಗರ್ ಇದ್ದವರು ಗುಳಿಗಿಯ ಖಾಲಿ ಚೀಟಿ ತರ್ರಿ. ಹಳೇ ಕೇಸ್ ಪೇಪರ್ ಇದ್ದರ ಹರಿದು ಒಲಿಗೆ ಹಾಕಬ್ಯಾಡ್ರಿ, ಅವನ್ನೂ ತರ್ರಿ.